ಹಳೆಯ ಕೊಳವೆಗೆ ಸಿಕ್ಕ ಒಂದು ವಾರ

"ನಾವು ಹಾಕಿದ ಕೊಳವೆಗಳು ಈಗ ಹೇಗಿವೆ ಅಂತ ನಮಗೇ ಪೂರ್ತಿ ಗೊತ್ತಿಲ್ಲ. ಹುಡುಕಿ, ಒಬ್ಬೊಬ್ಬರನ್ನೇ ಕರೆಸಿ ನೋಡೋಣ," ಎಂದು ನಮ್ಮ ಆಸ್ಪತ್ರೆಯ ಗ್ಲಾಕೋಮಾ ಶಸ್ತ್ರವೈದ್ಯೆ ಒಂದು ಬೆಳಿಗ್ಗೆ ಹೊರರೋಗಿಗಳ ಬಾಗಿಲು ತೆರೆಯುವ ಮೊದಲು ಹೇಳಿದರು. ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ವೈದ್ಯನಲ್ಲ. ದೊಡ್ಡಬಳ್ಳಾಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿಯನ್ನೂ ಕಣ್ಣಿನ ಒತ್ತಡವನ್ನೂ ಅಳೆದು ವೈದ್ಯರ ಮುಂದಿಡುವವನು. ಈ ವ್ಯತ್ಯಾಸವನ್ನು ಹೋದಲ್ಲೆಲ್ಲ ಮೊದಲೇ ಹೇಳಿಬಿಡುವುದು ನನ್ನ ಅಭ್ಯಾಸ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ, ನನಗಿಲ್ಲದ ಪದವಿಯನ್ನು ಯಾರಾದರೂ ನನ್ನ ತಲೆಗೆ ಕಟ್ಟಿದರೆ ಮೈ ಬೆವರುತ್ತದೆ.

ಕಣ್ಣಿನೊಳಗೆ ಸದಾ ಸ್ವಲ್ಪ ಸ್ವಲ್ಪವಾಗಿ ನೀರು ಒಸರುತ್ತಿರುತ್ತದೆ. ಅದು ಹೊರಹೋಗುವ ದಾರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಏರಿದ ಒತ್ತಡ ನೋವಿಲ್ಲದೆ, ಸದ್ದಿಲ್ಲದೆ ದೃಷ್ಟಿನರವನ್ನು ಸವೆಸುತ್ತದೆ; ಇದೇ ಗ್ಲಾಕೋಮಾ. ಹಾಗೆ ಹೋದ ದೃಷ್ಟಿ ಮರಳುವುದಿಲ್ಲ. ಔಷಧಿಯ ಹನಿಗಳಿಗೆ ಒತ್ತಡ ಬಗ್ಗದಿದ್ದಾಗ ಶಸ್ತ್ರಚಿಕಿತ್ಸೆ ಮಾಡಿ, ಕಣ್ಣಿನ ಮುಂಭಾಗಕ್ಕೆ ಸಿಲಿಕೋನಿನ ಒಂದು ಸಣ್ಣ ಕೊಳವೆಯನ್ನು ಕೂರಿಸುತ್ತಾರೆ. ಕೊಳವೆಯ ಇನ್ನೊಂದು ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ತಟ್ಟೆಯೊಂದಿರುತ್ತದೆ. ಅದು ಬಿಳಿಗುಡ್ಡೆಯ ಮೇಲಿನ ತೆಳುಪೊರೆಯ ಕೆಳಗೆ, ಹಿಂದಕ್ಕೆ, ಮರೆಯಾಗಿ ಕೂರುತ್ತದೆ. ಒಳಗಿನ ನೀರು ಕೊಳವೆಯಲ್ಲಿ ಹರಿದು ತಟ್ಟೆಯ ಸುತ್ತ ಸೇರಿ ನಿಧಾನವಾಗಿ ಇಂಗುತ್ತದೆ.

ಶಸ್ತ್ರಚಿಕಿತ್ಸೆ ಒಂದು ಬೆಳಿಗ್ಗೆಯ ಕೆಲಸ. ಅದು ಫಲಿಸಿತೇ ಎಂಬುದು ತಿಳಿಯಲು ವರ್ಷಗಳು ಬೇಕು. ತಟ್ಟೆಯ ಸುತ್ತ ದೇಹವೇ ಒಂದು ಕೋಶ ಕಟ್ಟುತ್ತದೆ. ಅದು ದಪ್ಪವಾದರೆ ನೀರು ಇಂಗುವುದಿಲ್ಲ. ಕೊಳವೆಯ ಬಾಯಿ ಮುಚ್ಚಬಹುದು. ಮೇಲಿನ ಪೊರೆ ಸವೆದು ಕೊಳವೆ ಹೊರಗೆ ಕಾಣಬಹುದು. ಇವೆಲ್ಲವನ್ನೂ ನೋಡಿ, ಕರೆಸಿದ ಪ್ರತಿಯೊಬ್ಬರನ್ನೂ ಮೂರು ಗುಂಪುಗಳಲ್ಲಿ ಒಂದಕ್ಕೆ ಸೇರಿಸಬೇಕಾಗಿತ್ತು: ಹನಿಗಳಿಲ್ಲದೆಯೇ ಒತ್ತಡ ಹತೋಟಿಯಲ್ಲಿರುವವರು, ಹನಿಗಳ ನೆರವಿನಿಂದ ಹತೋಟಿಯಲ್ಲಿರುವವರು, ಕೊಳವೆ ಸೋತವರು.

ಹಾಗೆ ಬಂದವರಲ್ಲಿ ತೂಬಗೆರೆ ಕಡೆಯ ಒಬ್ಬ ತಾಯಿಯೂ ಇದ್ದರು. ಹಲಸಿನ ಸಸಿಗಳಿಗೆ ಕಸಿ ಕಟ್ಟಿ ಮಾರುವ ನರ್ಸರಿ ಅವರದು. ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ನರ್ಸರಿ ಅಮ್ಮ ಎಂದೇ ಕರೆಯುತ್ತಿದ್ದರು. ಕೊಳವೆ ಕೂರಿಸುವ ಹೊತ್ತಿಗಾಗಲೇ ಅವರ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಉಳಿದಿದ್ದ ನಡುಭಾಗದ ದೃಷ್ಟಿಯಿಂದಲೇ ಅವರು ಬುಡದ ಸಸಿಯನ್ನು ಸೀಳಿ, ಕುಡಿಯನ್ನು ಚೂಪಾಗಿ ಹೆರೆದು, ತೊಗಟೆಗೆ ತೊಗಟೆ ಕೂಡಿಸಿ ಪಟ್ಟಿ ಸುತ್ತುತ್ತಿದ್ದರು.

ಮೊದಲ ಕೆಲವು ವರ್ಷ ಅವರ ಒತ್ತಡ ಚೆನ್ನಾಗಿಯೇ ಇತ್ತು. ಈಚಿನ ಭೇಟಿಗಳಲ್ಲಿ ಮಾತ್ರ ಏರತೊಡಗಿತ್ತು. ಹನಿ ಒಂದರಿಂದ ಎರಡಾಯಿತು, ಎರಡರಿಂದ ಮೂರಾಯಿತು. ಒತ್ತಡ ಇಳಿಯಲಿಲ್ಲ. ನಾನು ಸ್ಲಿಟ್ ಲ್ಯಾಂಪ್ ಎಂಬ, ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಎರಡು ಹಸಿರು ಅರ್ಧವೃತ್ತಗಳ ಒಳಅಂಚುಗಳನ್ನು ಕೂಡಿಸಿ ಅಳೆದಾಗ ಮಾಪಕ ಮೂವತ್ತನ್ನು ದಾಟಿತು. ಅಷ್ಟು ಸವೆದ ನರಕ್ಕೆ ಅದರ ಅರ್ಧದಷ್ಟೇ ಸುರಕ್ಷಿತ. ನನ್ನ ಕೈತಪ್ಪು ಇರಬಹುದೆಂದು ಮತ್ತೆ ಮತ್ತೆ ಅಳೆದೆ. ಅದೇ ಬಂತು.

"ಡ್ರಾಪ್ಸ್ ತಪ್ಪದೆ ಹಾಕ್ತಿದ್ದೀರಾ ಅಮ್ಮ?" ಎಂದು ಕೇಳಿದೆ.

"ಹಾಕ್ದೆ ಇರ್ತೀನಾ? ಇರೋದೊಂದು ಕಣ್ಣು ಕಣಪ್ಪಾ," ಎಂದರು.

ಶಸ್ತ್ರವೈದ್ಯೆ ಕನ್ನಡಿಯಿರುವ ಮಸೂರವನ್ನು ಕಣ್ಣಿಗಿಟ್ಟು ನೋಡಿದರು. ಕೊಳವೆಯ ಬಾಯಿ ತೆರೆದೇ ಇತ್ತು. ಮೇಲಿನ ಪೊರೆಯೂ ಗಟ್ಟಿಯಾಗಿತ್ತು. ಹಾಗಾದರೆ ಉಳಿಯುವುದು ಒಂದೇ ಕಾರಣ: ತಟ್ಟೆಯ ಸುತ್ತಲಿನ ಕೋಶ ದಪ್ಪವಾಗಿದೆ. ಕೊಳವೆ ಸೋತಿದೆ. ಕಣ್ಣಿನ ಇನ್ನೊಂದು ಮೂಲೆಯಲ್ಲಿ ಎರಡನೆಯ ಕೊಳವೆ ಹಾಕಬೇಕು.

ಅಮ್ಮನನ್ನು ಹೊರಗೆ ಕೂರಿಸಿದ ಮೇಲೆ ಶಸ್ತ್ರವೈದ್ಯೆ ನನ್ನೊಡನೆ ಮಾತಾಡಿದರು. "ಒಂದೇ ಕಣ್ಣು. ಕಾಯೋಕೂ ಆಗಲ್ಲ, ಕೈ ಹಾಕೋಕೂ ಧೈರ್ಯ ಬರಲ್ಲ. ಎರಡನೇ ಸಲ ಒಳಗೆ ಹೋದಾಗ ರಕ್ತಸ್ರಾವ ಆದರೆ, ಒತ್ತಡ ಒಮ್ಮೆಲೇ ಕುಸಿದರೆ, ಇರೋ ದೃಷ್ಟಿಯೂ ಹೋಗಬಹುದು." ಆಮೇಲೆ, ಕಣ್ಣಿಗೆ ಕಾಣದ ಜಾಗವನ್ನು ಕಪ್ಪಾಗಿ ತೋರಿಸುವ ದೃಷ್ಟಿಕ್ಷೇತ್ರದ ಹಳೆಯ, ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. "ನನಗೆ ಅರ್ಥವಾಗದೆ ಇರೋದು ಇದು. ಇಷ್ಟು ಒತ್ತಡ ಇಷ್ಟು ಕಾಲದಿಂದ ಇದ್ದಿದ್ದರೆ ನರ ಇನ್ನಷ್ಟು ಸವೆಯಬೇಕಿತ್ತು. ಇಲ್ಲಿ ಒಂದು ಚುಕ್ಕಿಯೂ ಕದಲಿಲ್ಲ."

ಶಸ್ತ್ರಚಿಕಿತ್ಸೆ ಮುಂದಿನ ಬುಧವಾರಕ್ಕೆ ನಿಗದಿಯಾಯಿತು.

ಆ ಸಂಜೆ ನಾನು ಸಾಕಷ್ಟು ಹಿಂಜರಿದು ಶಸ್ತ್ರವೈದ್ಯೆಯ ಕೋಣೆಗೆ ಹೋದೆ. ನಾವು ಅಳೆಯುವುದು ಆಸ್ಪತ್ರೆಯ ಒಂದು ಗಳಿಗೆಯ ಒತ್ತಡವನ್ನು ಮಾತ್ರ. ಉಳಿದ ಹೊತ್ತಿನಲ್ಲಿ ಅದು ಹೇಗಿರುತ್ತದೆಂದು ಮನೆಯಲ್ಲಿ ಅಳೆದು ನೋಡಬಹುದೇ ಎಂದು, ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯವನ್ನು ಒಪ್ಪಿಸಿದೆ. ಕೈಯಲ್ಲಿ ಹಿಡಿದು ಅಳೆಯುವ ಒಂದು ಮಾಪಕ ನಮ್ಮಲ್ಲಿತ್ತು. ಅದರ ತುದಿಯ ಸಣ್ಣ ಕಡ್ಡಿ ಕಣ್ಣಿಗೆ ಮೃದುವಾಗಿ ತಾಕಿ ಹಿಂದೆ ಪುಟಿಯುವ ವೇಗದಿಂದ ಒತ್ತಡ ತಿಳಿಯುತ್ತದೆ. ಮರಗಟ್ಟಿಸುವ ಹನಿಯೂ ಬೇಡ.

"ಹೋಗಿಬನ್ನಿ. ಆದರೆ ಅದನ್ನ ಮೊದಲು ಇಲ್ಲಿ ಸ್ಲಿಟ್ ಲ್ಯಾಂಪಿನ ಜೊತೆ ತಾಳೆ ನೋಡಿ. ತಾಳೆಯಾಗದ ಅಳತೆ ನನಗೆ ಬೇಡ," ಎಂದರು.

ಮರುದಿನವೆಲ್ಲ ಒಪ್ಪಿದ ರೋಗಿಗಳ ಕಣ್ಣನ್ನು ಎರಡೂ ಉಪಕರಣಗಳಲ್ಲಿ ಅಳೆದೆ. ಅಂತರ ಅಲ್ಪವಾಗಿತ್ತು. ಸಂಜೆ ನರ್ಸರಿ ಅಮ್ಮನ ಮನೆಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಒತ್ತಡ ಪರೀಕ್ಷಿಸಲು ಬರುತ್ತೇನೆ ಎಂದು ತಿಳಿಸಿದೆ. ಹೇಳದೆ ಹೋಗುವುದು ಶಿಷ್ಟಾಚಾರವಲ್ಲ ಎಂದು ಭಾವಿಸಿದ್ದೆ.

ಅವರ ಮನೆ ತೋಟಕ್ಕೆ ಅಂಟಿಕೊಂಡೇ ಇತ್ತು. ಹಸಿರು ನೆರಳುಬಲೆಯ ಕೆಳಗೆ ಕಪ್ಪು ಚೀಲಗಳಲ್ಲಿ ಸಸಿಗಳು ಸಾಲಾಗಿ ನಿಂತಿದ್ದವು. ಅಮ್ಮನ ಯಜಮಾನರು ಅಂಗಳದಲ್ಲೇ ಎದುರಾದರು.

"ಏನಪ್ಪಾ ಡಾಕ್ಟ್ರೇ, ಮನೆ ತಂಕ ಬಂದ್ಬಿಟ್ರಲ್ಲ! ಕೂತ್ಕೊಳ್ಳಿ."

"ಡಾಕ್ಟರ್ ಅಲ್ಲ ಯಜಮಾನ್ರೇ, ಆಪ್ಟೋಮೆಟ್ರಿಸ್ಟ್."

"ಅಷ್ಟುದ್ದ ಹೆಸ್ರು ಕರ್ಯೋ ಹೊತ್ಗೆ ಕಾಫಿ ಆರೋಯ್ತದೆ. ಕುಡೀರಿ ಡಾಕ್ಟ್ರೇ."

ಅಮ್ಮ ಒಳಗಿನಿಂದ, "ಸುಮ್ನಿರಿ ನೀವು, ಆ ಹುಡ್ಗನ್ ಯಾಕೆ ಗೋಳು ಹೊಯ್ಕೊಂತೀರಿ," ಎನ್ನುತ್ತಾ ಬಂದು ಬೆಂಚಿನ ಮೇಲೆ ಕುಳಿತರು. ನಾನು ಮಾಪಕವನ್ನು ನೇರವಾಗಿ ಹಿಡಿದು ಅಳೆದೆ. ಮೂವತ್ತರ ಮೇಲೆ. ಕಾಫಿ ಕುಡಿದು, ಸ್ವಲ್ಪ ಹೊತ್ತು ಕಾದು, ಮತ್ತೆ ಅಳೆದೆ. ಅಲ್ಲೇ ಇತ್ತು.

ಅಂಗಳದ ಅಂಚಿಗೆ ಹೋಗಿ ಶಸ್ತ್ರವೈದ್ಯೆಗೆ ಫೋನ್ ಮಾಡಿ, "ಮನೆಯಲ್ಲೂ ಹಾಗೇ ಇದೆ ಮೇಡಂ," ಎಂದೆ. ಅವರು "ಸರಿ. ಅಲ್ಲಿಗೆ ಅನುಮಾನ ಮುಗೀತು. ಬುಧವಾರ ಬೆಳಿಗ್ಗೆ ಅಡ್ಮಿಟ್ ಆಗೋಕೆ ಹೇಳಿಬಿಡಿ," ಎಂದರು. ನಾನು ಹಿಂದಿರುಗಿ ಆ ಮಾತನ್ನು ಹೇಳಿದೆ. ಅಮ್ಮ ತಲೆಯಾಡಿಸಿದರು. ನೆರಳುಬಲೆಯ ಕಡೆ ಒಮ್ಮೆ ನೋಡಿ, "ಆಪ್ರೇಸನ್ ಆದ್ಮೇಲೆ ಚಾಕು ಹಿಡಿಯೋಕೆ ಎಷ್ಟ್ ದಿನ ಆಯ್ತದೆ?" ಎಂದಷ್ಟೇ ಕೇಳಿದರು. ಹಿಡಿಯಲು ಆದೀತೇ ಎಂಬುದೇ ಖಚಿತವಿಲ್ಲ ಎಂದು ನಾನು ಹೇಗೆ ಹೇಳಲಿ? ಉಪಕರಣವನ್ನು ಪೆಟ್ಟಿಗೆಗೆ ಇಡತೊಡಗಿದೆ.

ಆಗ ಯಜಮಾನರು ಒಳಗಿಂದ ಉಪ್ಪಿಟ್ಟಿನ ತಟ್ಟೆಯನ್ನೂ, ಫ್ರಿಜ್ಜಿನಿಂದ ತೆಗೆದ ಹನಿಗಳ ಸೀಸೆಗಳನ್ನೂ ತಂದು ಹೆಂಡತಿಯ ಮುಂದಿಟ್ಟರು. "ಟೆಸ್ಟ್ ಮುಗೀತಲ್ಲ, ತಗೋ. ಮೊದ್ಲು ಡ್ರಾಪ್ಸ್ ಹಾಕ್ಕೋ. ರಾತ್ರಿಯಿಂದ ನೀನೂ ಉಪಾಸ, ಕಣ್ಣೂ ಉಪಾಸ."

ನನ್ನ ಕೈ ನಿಂತಿತು. "ಏನಂದ್ರಿ ಯಜಮಾನ್ರೇ?"

"ಅಯ್ಯೋ, ಟೆಸ್ಟಿಗೆ ಬರ್ತೀನಿ ಅಂತ ನೆನ್ನೆ ಸಂಜೆ ನೀವೇ ಫೋನ್ ಮಾಡಿದ್ರಲ್ಲಪ್ಪಾ. ಅದ್ಕೇ ರಾತ್ರಿದೂ ಹಾಕಿಲ್ಲ, ಬೆಳಗ್ಗೆದೂ ಹಾಕಿಲ್ಲ."

"ಅಮ್ಮ, ಆಸ್ಪತ್ರೆಗೆ ಬರೋವಾಗ?"

"ಆವಾಗ್ಲೂ ಹಂಗೇ ಬರ್ತೀನಿ," ಎಂದು ಅಮ್ಮ ತುಸು ಹೆಮ್ಮೆಯಿಂದಲೇ ಹೇಳಿದರು. "ಸಕ್ಕರೆ ಟೆಸ್ಟಿಗೆ ಹಂಗೇ ಅಲ್ವಾ? ಒಂದ್ಸಲ ಮಾತ್ರೆ ನುಂಗ್ಕೊಂಡು ಹೋಗಿದ್ದೆ, ರಕ್ತ ತಗಳ್ಳೋರು ಬೈದು ವಾಪಸ್ ಕಳಿಸಿದ್ರು. ಮಾತ್ರೆ ನುಂಗಿ ಬಂದ್ರೆ ಮಾತ್ರೆ ಕಾಣ್ತದೆ, ನಿನ್ ಸಕ್ಕರೆ ಕಾಣಲ್ಲ ಅಂದ್ರು. ಇದೂ ಟೆಸ್ಟೇ. ಡ್ರಾಪ್ಸ್ ಹಾಕ್ಕೊಂಡು ಬಂದು ಮೇಡಮ್ಮಾರಿಗೆ ಸುಳ್ಳು ಕಣ್ಣು ತೋರ್ಸಕಾಗ್ತದಾ?"

"ಸಕ್ಕರೆ ಕಾಯಿಲೆ ಯಾವಾಗಿಂದ ಅಮ್ಮ?"

"ಈಗ್ಗೆ ಒಂದೆರಡು ವರ್ಷ ಆಯ್ತೇನೋ ಕಣಪ್ಪಾ."

ಒತ್ತಡ ಏರತೊಡಗಿದ್ದೂ ಆಗಲೇ. ನಾವು ಪ್ರತಿಸಲ ಕೇಳಿದ್ದು ತಪ್ಪದೆ ಹಾಕುತ್ತೀರಾ ಎಂದು. ಅವರು ಪ್ರತಿಸಲ ಹೇಳಿದ್ದು ನಿಜ. ವರ್ಷದ ಮುನ್ನೂರು ಚಿಲ್ಲರೆ ದಿನ ತಪ್ಪದೆ ಹಾಕಿ, ನಮ್ಮ ಕಣ್ಣಿಗೆ ಬೀಳುವ ದಿನಗಳಲ್ಲಿ ಮಾತ್ರ ಪ್ರಾಮಾಣಿಕತೆಯಿಂದ ಬಿಡುತ್ತಿದ್ದರು. ಇವತ್ತು ಹಾಕಿದಿರಾ ಎಂದು ನಾವು ಯಾರೂ ಕೇಳಿರಲಿಲ್ಲ.

ಹದಿನೈದು ನಿಮಿಷದ ಹಿಂದೆ ಖಚಿತವಾಗಿ ಹೇಳಿದ ಮಾತನ್ನು ಹಿಂತೆಗೆದುಕೊಳ್ಳಲು ಮತ್ತೆ ಫೋನ್ ಮಾಡಬೇಕಿತ್ತು. ಅವಸರದವನೆಂದು, ಓದಿದ್ದು ಸಾಲದೆಂದು ಶಸ್ತ್ರವೈದ್ಯೆ ತಿಳಿದರೆ? ಆ ಅಳುಕು ನನ್ನನ್ನು ಒಂದೆರಡು ನಿಮಿಷ ಹಿಡಿದು ನಿಲ್ಲಿಸಿದ್ದು ನಿಜ. ಆದರೆ ಎದುರಿಗೆ ಒಂದೇ ಕಣ್ಣಿತ್ತು. ಮೊದಲು ಅಮ್ಮನಿಂದ ಹನಿಗಳನ್ನು ಹಾಕಿಸಿದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಂತರ ಬಿಟ್ಟು. ಆಮೇಲೆ ಫೋನ್ ಮಾಡಿ ನಡೆದದ್ದನ್ನು ಇದ್ದಂತೆಯೇ ಹೇಳಿದೆ.

ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು. "ನರ ಯಾಕೆ ಕದಲಿಲ್ಲ ಅಂತ ಈಗ ಗೊತ್ತಾಯ್ತು," ಎಂದರು. ಮರುಕ್ಷಣವೇ ದನಿ ಗಟ್ಟಿಯಾಯಿತು. "ಇದು ಬರೀ ಒಂದು ಊಹೆ. ಡ್ರಾಪ್ಸ್ ಹಾಕಿದ ಮೇಲಿನ ಒತ್ತಡ ತೋರಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅಲ್ಲಿಯವರೆಗೆ ಪಟ್ಟಿಯಿಂದ ಹೆಸರು ತೆಗೆಯಲ್ಲ."

ಮಧ್ಯಾಹ್ನದವರೆಗೆ ಅಲ್ಲೇ ಕುಳಿತೆ. ಎರಡು ಗಂಟೆ ಕಳೆದ ಮೇಲೆ ಅಳೆದಾಗ ಮಾಪಕ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. ಮರುದಿನ ಬೆಳಿಗ್ಗೆ, ರಾತ್ರಿಯ ಹನಿಯೂ ಬಿದ್ದ ಮೇಲೆ, ಹದಿನಾರು. ಮಧ್ಯಾಹ್ನ ಹದಿನಾಲ್ಕು. ಬುಧವಾರದ ತನಕ ಆಸ್ಪತ್ರೆಯ ಕೆಲಸಕ್ಕೆ ಮುಂಚೆ, ಊಟದ ಬಿಡುವಿನಲ್ಲಿ, ಸಂಜೆ ಮನೆಗೆ ಹೋಗುವಾಗ ತೂಬಗೆರೆ ದಾರಿಯಲ್ಲಿ ನನ್ನ ಬೈಕು ಓಡಾಡಿತು.

ಒಂದು ಸಂಜೆ ಮಾತ್ರ ಲೆಕ್ಕ ತಪ್ಪಿತು. ಮಾಪಕ ಇಪ್ಪತ್ತಾರು ತೋರಿಸಿತು. ಹನಿ ಹಾಕಿದ್ದೇನೆಂದು ಅಮ್ಮ ಆಣೆಯಿಟ್ಟರು. ನಾನು ಅವರನ್ನೇ ಗಮನಿಸಿದೆ. ಸಸಿಗಳ ಸಾಲಿನಲ್ಲಿ ಬಗ್ಗಿ ಕಸಿ ಕಟ್ಟುತ್ತಿದ್ದವರು ನಾನು ಕರೆದಾಗ ನೇರ ಎದ್ದು ಬಂದಿದ್ದರು; ಬಗ್ಗಿದಾಗಲೂ ಕಣ್ಣಿನ ಒತ್ತಡ ಏರುತ್ತದೆ. ಬುಧವಾರ ಹತ್ತಿರವಾದ ಹೆದರಿಕೆಗೆ ಉಸಿರು ಬಿಗಿಹಿಡಿದು ರೆಪ್ಪೆಯನ್ನು ಒತ್ತಿ ಹಿಂಡುತ್ತಿದ್ದರು.

"ಉಸಿರು ಬಿಡಿ ಅಮ್ಮ."

"ಬಿಟ್ರೆ ಅಳ್ಳಾಡ್ತದಲ್ಲಪ್ಪಾ?"

"ಅಲ್ಲಾಡಲಿ. ಉಸಿರು ಕಟ್ಟಿದ್ರೆ ಒತ್ತಡ ಏರುತ್ತೆ."

"ನಲವತ್ತು ವರ್ಷದಿಂದ ನಾನೂ ಅದ್ನೇ ಹೇಳ್ತಾ ಇವ್ನಿ, ನನ್ ಮಾತು ಕೇಳ್ತಾಳಾ?" ಎಂದು ಯಜಮಾನರು ಬಾಗಿಲಿಂದ ಕೂಗಿದರು. ಅಮ್ಮನಿಗೆ ನಗು ಬಂತು. ಸ್ವಲ್ಪ ಹೊತ್ತು ಕೂರಿಸಿ, ಆ ನಗು ಆರಿ ಉಸಿರು ಸಮವಾದ ಮೇಲೆ ಅಳೆದೆ. ಹದಿನೈದು.

ಬುಧವಾರ ಅಮ್ಮ ಬಟ್ಟೆಯ ಚೀಲದೊಂದಿಗೆ ಬಂದು ಅಡ್ಮಿಟ್ ಆದರು. ಯಜಮಾನರು ಜೊತೆಗೆ ಇಬ್ಬರು ನೆಂಟರನ್ನೂ ಕರೆತಂದಿದ್ದರು; ಆ ದಿನ ಅವರು ಒಂದು ತಮಾಷೆಯನ್ನೂ ಮಾಡಲಿಲ್ಲ. ರಾತ್ರಿಯ ಹನಿ, ಬೆಳಗಿನ ಹನಿ ಎರಡೂ ಬಿದ್ದಿವೆಯೆಂದು ಖಚಿತಪಡಿಸಿಕೊಂಡು ನಾನು ಅಮ್ಮನನ್ನು ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿದೆ. ಮನೆಯ ಅಳತೆಗಳನ್ನೆಲ್ಲ ಆಗಲೇ ಒಪ್ಪಿಸಿದ್ದೆ. ಆದರೂ ಶಸ್ತ್ರವೈದ್ಯೆ ತಾವೇ ಅಳೆದರು. ಪಕ್ಕದ ಕೋಣೆಯ ಇನ್ನೊಬ್ಬ ವೈದ್ಯರನ್ನು ಕರೆದು, ಹಿನ್ನೆಲೆ ಏನನ್ನೂ ತಿಳಿಸದೆ, ಒಮ್ಮೆ ಅಳೆಯಿರಿ ಎಂದರು. ಅವರು ಅಳೆದು, "ಹದಿನಾಲ್ಕು. ಯಾಕೆ, ಏನಾದ್ರೂ ತೊಂದರೆನಾ?" ಎಂದರು.

ಆ ಹೊತ್ತಿಗೆ ಶಸ್ತ್ರಚಿಕಿತ್ಸಾ ಕೊಠಡಿಯ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. "ಮೇಡಂ, ಮೊದಲನೇ ಕೇಸ್ ಒಳಗೆ ತಗೊಳ್ಳೋಣ್ವಾ?"

"ಮೊದಲನೇ ಕೇಸ್ ಇಲ್ಲ ಸಿಸ್ಟರ್."

"ಯಾಕೆ ಮೇಡಂ, ಬಿಪಿ ಜಾಸ್ತಿನಾ?"

"ಇಲ್ಲ. ಕಣ್ಣು ಚೆನ್ನಾಗಿದೆ."

ನನ್ನ ಕೆಲಸದ ಬದುಕಿನಲ್ಲಿ ನಾನು ಕೇಳಿರುವ ಅತ್ಯಂತ ಸುಂದರವಾದ ವಾಕ್ಯ ಅದು. ಹಳೆಯ ಕೊಳವೆ ಸೋತಿರಲಿಲ್ಲ. ಹನಿಗಳ ನೆರವಿನಿಂದ, ಇಷ್ಟು ವರ್ಷಗಳ ನಂತರವೂ, ತನ್ನ ಕೆಲಸ ಮಾಡಿಕೊಂಡೇ ಇತ್ತು. ಅಮ್ಮನಿಗೆ ಇದನ್ನು ಅರ್ಥ ಮಾಡಿಸಲು ಸ್ವಲ್ಪ ಸಮಯ ಹಿಡಿಯಿತು.

"ಹಂಗಾದ್ರೆ ಆಪ್ರೇಸನ್ ಯಾವತ್ತು?" ಎಂದು ಕೇಳಿದರು.

"ಬೇಡ ಅಮ್ಮ. ಬೇಕಾಗಿಲ್ಲ."

ಅವರು ನನ್ನ ಮುಖವನ್ನೂ ಮೇಡಂ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. ಆಮೇಲೆ ಶಸ್ತ್ರಚಿಕಿತ್ಸೆಗೆಂದು ತಲೆಗೆ ಹಾಕಿದ್ದ ಹಸಿರು ಟೋಪಿಯನ್ನು ಎರಡೂ ಕೈಯಿಂದ ತೆಗೆದು, ಮಡಿಸಿ, ಸಿಸ್ಟರ್ ಕೈಗೆ ಕೊಟ್ಟು, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಹೋದರು. ಯಜಮಾನರು ಹಿಂದೆ ಚೀಲ ಹೊತ್ತು, "ಲೇ, ನಿಧಾನ ಕಣೇ, ನಂಗೂ ವಯ್ಸಾಗಿದೆ," ಎಂದು ಕೂಗುತ್ತಾ ಓಡಿದರು.

ನಮ್ಮ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಸೋತವರೆಂದು ನಾನು ಗುರುತಿಸಿದ್ದ ಎಲ್ಲರನ್ನೂ ಮತ್ತೆ ಕರೆಸಬೇಕೆಂದು ಶಸ್ತ್ರವೈದ್ಯೆ ಹೇಳಿದರು. ಫೋನ್ ಮಾಡುವಾಗ ಈ ಸಲ ಒಂದು ಮಾತನ್ನು ಸೇರಿಸಿದೆವು: ಊಟ ಮಾಡಿ ಬನ್ನಿ, ಡ್ರಾಪ್ಸ್ ಹಾಕಿಕೊಂಡೇ ಬನ್ನಿ. ಸಕ್ಕರೆ ಕಾಯಿಲೆಯೂ ಇದ್ದವರಲ್ಲಿ ಕೆಲವರು ನರ್ಸರಿ ಅಮ್ಮನಂತೆಯೇ ಕಣ್ಣನ್ನು ಉಪವಾಸವಿಟ್ಟು ಬರುತ್ತಿದ್ದರೆಂದು ತಿಳಿಯಿತು. ಎಲ್ಲರ ಕಥೆಯೂ ಹೀಗೆ ಸುಖಾಂತವಾಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಲವರಲ್ಲಿ ಕೋಶ ನಿಜಕ್ಕೂ ದಪ್ಪವಾಗಿತ್ತು. ಅವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕೇ ಆಯಿತು. ಶಿವಗಂಗೆ ಕಡೆಯ ಒಬ್ಬ ರೈತರ ಕಣ್ಣಿನಲ್ಲಿ ಮೇಲಿನ ಪೊರೆ ಸವೆದು ಕೊಳವೆ ಇಣುಕುತ್ತಿತ್ತು. ನೋವಿಲ್ಲದ ಕಾರಣ ಅವರು ತಾವಾಗಿ ಬರುತ್ತಲೇ ಇರಲಿಲ್ಲ. ಸೋಂಕು ತಗಲುವ ಮೊದಲೇ ಅದರ ಮೇಲೆ ತೇಪೆ ಹಾಕಿ ಮುಚ್ಚಲಾಯಿತು. ಹುಡುಕಿ ಕರೆಸಿದ್ದು ಸಾರ್ಥಕವೆನಿಸಲು ಅದೊಂದೇ ಸಾಕಿತ್ತು.

ಈಗ ನಮ್ಮಲ್ಲಿ ಒತ್ತಡ ಅಳೆಯುವ ಮುನ್ನ ಯಾರೂ "ತಪ್ಪದೆ ಹಾಕ್ತೀರಾ?" ಎಂದು ಕೇಳುವುದಿಲ್ಲ. "ಕೊನೇ ಹನಿ ಯಾವಾಗ ಹಾಕಿದ್ರಿ?" ಎಂದು ಕೇಳುತ್ತೇವೆ. ಸಿಬ್ಬಂದಿಯ ಸಭೆಯಲ್ಲಿ ಇದನ್ನು ವಿವರಿಸಲು ಶಸ್ತ್ರವೈದ್ಯೆ ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು. ಮೊದಲ ವಾಕ್ಯದಲ್ಲಿ ನಾಲಿಗೆ ತಡವರಿಸಿತು. ಎರಡನೆಯದರಿಂದ ತಡವರಿಸಲಿಲ್ಲ.

ಈ ಮಳೆಗಾಲದ ಆರಂಭದಲ್ಲಿ ನರ್ಸರಿ ಅಮ್ಮ ವರ್ಷಕ್ಕೊಮ್ಮೆಯ ದೃಷ್ಟಿಕ್ಷೇತ್ರದ ತಪಾಸಣೆಗೆ ಬಂದರು. ಬೋಗುಣಿಯಂತಹ ಯಂತ್ರದೊಳಗೆ ಮುಖವಿಟ್ಟು, ಮಿನುಗಿದ ಬೆಳಕಿಗೆಲ್ಲ ಗುಂಡಿ ಒತ್ತಿದರು. ಹೊರಬಂದ ಚಿತ್ರವನ್ನು ಶಸ್ತ್ರವೈದ್ಯೆ ಹಳೆಯದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಒಂದರ ಕಪ್ಪು ಇನ್ನೊಂದರ ಕಪ್ಪಿನ ಮೇಲೆ ಸರಿಯಾಗಿ ಕುಳಿತಿತ್ತು.

"ಇವರನ್ನ ಯಾವ ಗುಂಪಿಗೆ ಹಾಕ್ತೀರಿ?" ಎಂದು ನನ್ನನ್ನು ಕೇಳಿದರು.

"ಹನಿ ಹಾಕಿ ಗೆದ್ದವರ ಗುಂಪಿಗೆ ಮೇಡಂ."

"ಮೂರು ತಿಂಗಳಿಗೆ ಮತ್ತೆ ಬರಬೇಕು ಅಮ್ಮ," ಎಂದು ಅವರು ನರ್ಸರಿ ಅಮ್ಮನತ್ತ ತಿರುಗಿ ಹೇಳಿದರು. "ಇವತ್ತು ಇನ್ನೊಂದು ಸ್ಕ್ಯಾನ್ ಮಾಡೋಣ ಅಂತಿದ್ದೆ, ಸ್ವಲ್ಪ ಹೊತ್ತು ಕೂತಿರ್ತೀರಾ?"

ಅಮ್ಮ ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. "ಮೂರು ತಿಂಗ್ಳಿಗೆ ಬಂದೇ ಬರ್ತೀನಿ, ಅದ್ನೂ ಆವಾಗ್ಲೇ ಮಾಡ್ಬಿಡಿ ಮೇಡಮ್ಮಾರೇ. ಈಗ ಕಸಿ ಕಾಲ, ಕಣ್ಣಿಗೆ ಕೈತುಂಬ ಕೆಲ್ಸ ಐತೆ."